ಡೊಂಬಿವಲಿಯಲ್ಲಿ ಕೂತು ಕನ್ನಡ ಪುಸ್ತಕ ಮಾಡುವುದು ಹೇಗೆ?

ಸ್ವಂತ ಪುಸ್ತಕ ಹೊರತರಲು ನೆರವಾಗುವ ಆನ್‌ಲೈನ್ ಸಲಕರಣೆಗಳ ಪಟ್ಟಿಗಳು ಬೇಕಾದಷ್ಟಿವೆ. ಹೆಚ್ಚಿನವುಗಳಲ್ಲಿ ಮೊದಲ ಹೆಸರು ಅಮೆಜಾನಿನ ಕಿಂಡ್ಲ್ ಡೈರೆಕ್ಟ್ ಪಬ್ಲಿಷಿಂಗ್, ಅಂದರೆ ಕೆಡಿಪಿ. ಲೇಖಕರೇ ತಮ್ಮ ಪುಸ್ತಕವನ್ನು ಏರಿಸಿ ಮಾರಾಟಕ್ಕಿಡುವ ತಾಣ ಅದು. ಕನ್ನಡದಲ್ಲಿ ಬರೆಯುವವರು ಎಡವುವುದು ಅಲ್ಲೇ. 2016ರ ಡಿಸೆಂಬರಿನಲ್ಲಿ ಕಿಂಡ್ಲ್ ಐದು ಭಾರತೀಯ ಭಾಷೆಗಳನ್ನು ಸೇರಿಸಿಕೊಂಡಿತು: ಹಿಂದಿ, ಮರಾಠಿ, ಗುಜರಾತಿ, ತಮಿಳು, ಮಲಯಾಳಂ. ಕನ್ನಡ ಅದರಲ್ಲಿರಲಿಲ್ಲ. ಮುಂಬಯಿಯ ಉಪನಗರ ಡೊಂಬಿವಲಿಯ ಒಂದೇ ಕಟ್ಟಡದಲ್ಲಿ ಮೇಲಿನ ಮನೆಯ ಮರಾಠಿ ಹುಡುಗ ತನ್ನ ಕವಿತೆಗಳನ್ನು ಒಂದು ಸಂಜೆಯಲ್ಲಿ ಮಾರಾಟಕ್ಕಿಡಬಹುದು, ಕೆಳಗಿನ ಮನೆಯ ಕನ್ನಡದ ಹುಡುಗಿ ಭಾಷೆ ಆರಿಸುವ ಪುಟದಲ್ಲೇ ನಿಲ್ಲಬೇಕು. ಈ ಬಗೆಯ ಪಟ್ಟಿಗಳು ಬದಲಾಗುತ್ತಿರುತ್ತವೆ, ಆದ್ದರಿಂದ ಯಾವ ತಾಣದಲ್ಲೇ ಆಗಲಿ ಖಾತೆ ತೆರೆಯುವ ಮುನ್ನ ಅವರ ಸಹಾಯ ಪುಟದಲ್ಲಿ ‘ಬೆಂಬಲವಿರುವ ಭಾಷೆಗಳು’ ಎಂಬ ಭಾಗವನ್ನು ನೋಡಿ. ಇಂಗ್ಲಿಷ್ ಪಟ್ಟಿಗಳು ಈ ಸಲಹೆಯನ್ನು ಕೊಡುವುದಿಲ್ಲ, ಅವುಗಳಿಗೆ ಅದರ ಅಗತ್ಯವೇ ಬೀಳುವುದಿಲ್ಲ.

ಮುಂಬಯಿ ಸುತ್ತಮುತ್ತ ಬೆಳೆದ ಕನ್ನಡದ ಎಳೆಯರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನ. ಓದಿದ್ದು ಇಂಗ್ಲಿಷ್ ಮಾಧ್ಯಮ, ಮನೆಯಲ್ಲಿ ತುಳುವೋ ಧಾರವಾಡ ಕಡೆಯ ಕನ್ನಡವೋ, ಬರೆಯುವುದು ಲೋಕಲ್ ಟ್ರೇನಿನಲ್ಲಿ ಮೊಬೈಲಿನಲ್ಲಿ. ಇಂಥವರಿಗೆ ಬೇಕಾದ ಸಲಕರಣೆಗಳಲ್ಲಿ ಹೆಚ್ಚಿನವು ಉಚಿತವಾಗಿಯೇ ಸಿಗುತ್ತವೆ. ಆದರೆ ಯಾವುದನ್ನು ಯಾವ ಹಂತದಲ್ಲಿ ಬಳಸಬೇಕು ಎಂಬುದು ಒಂದೇ ಒಂದು ವಿಷಯದ ಮೇಲೆ ನಿಂತಿದೆ. ಅದು ಯೂನಿಕೋಡ್, ಅಂದರೆ ಪ್ರತಿ ಭಾಷೆಯ ಪ್ರತಿ ಅಕ್ಷರಕ್ಕೂ ಕಂಪ್ಯೂಟರಿನೊಳಗೆ ತನ್ನದೇ ಸಂಖ್ಯೆ ಕೊಡುವ ವ್ಯವಸ್ಥೆ.

ಅಕ್ಷರವೋ, ಅಕ್ಷರದ ವೇಷವೋ

ಪ್ರೆಸ್ಸಿಗೆ ಹೋದವರಿಗೆ ಎದುರಾಗುವ ಮೊದಲ ಪ್ರಶ್ನೆ ಬಹುಪಾಲು ಇದು: ‘ನುಡಿಯಲ್ಲಿ ಇದೆಯಾ, ಶ್ರೀಲಿಪಿಯಲ್ಲಿ ಇದೆಯಾ?’ ಎರಡೂ ಕನ್ನಡ ಟೈಪಿಸುವ ತಂತ್ರಾಂಶಗಳು. ಈ ಪ್ರಶ್ನೆಯ ಹಿಂದೆ ಒಂದು ಇತಿಹಾಸವಿದೆ. 1990ರ ದಶಕದಲ್ಲಿ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲೇ ಪುಟ ಕಟ್ಟುವ ವಿಧಾನ, ಬಂದಾಗ ಕಂಪ್ಯೂಟರಿಗೆ ಗೊತ್ತಿದ್ದದ್ದು ಇಂಗ್ಲಿಷ್ ಅಕ್ಷರಗಳೂ ಯುರೋಪಿನ ಕೆಲವು ಚಿಹ್ನೆಗಳೂ ಮಾತ್ರ. ಹಾಗಾಗಿ ಆ ಚಿಹ್ನೆಗಳಿಗೇ ಕನ್ನಡದ ವೇಷ ತೊಡಿಸುವ ಫಾಂಟುಗಳನ್ನು ಮಾಡಿದರು. ಹಳೆಯ ನುಡಿ ಫಾಂಟಿನಲ್ಲಿ ‘ಕನ್ನಡ’ ಎಂದು ಬರೆದರೆ ಕಡತದೊಳಗೆ ಕೂತಿರುವುದು ಇಂಗ್ಲಿಷಿನ ಪಿ, ನೆತ್ತಿಯ ಮೇಲೆ ಓರೆಗೆರೆ ಹೊತ್ತ ಎ, ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಕ್ಯೂ, ಕೊನೆಗೆ ಇನ್ನೊಂದು ಎ. ಯಕ್ಷಗಾನದ ಚೌಕಿಯಲ್ಲಿ ಕಿರೀಟ ಬಿಚ್ಚಿಟ್ಟ ಮೇಲೆ ರಾಜನೂ ಇಲ್ಲ, ರಾಕ್ಷಸನೂ ಇಲ್ಲವಲ್ಲ, ಹಾಗೆ ಫಾಂಟು ಕಳಚಿದ ಕೂಡಲೇ ಕನ್ನಡ ಮಾಯ. ಬೇರೆ ಫೋನಿನಲ್ಲಿ ತೆರೆದರೆ ಬರೀ ಗೋಜಲು, ಗೂಗಲ್ಲಿನಲ್ಲಿ ಹುಡುಕಿದರೆ ಸಿಗದು, ಇ-ಪುಸ್ತಕ ಮಾಡಲಂತೂ ಆಗದು.

ಯೂನಿಕೋಡಿನಲ್ಲಿ ಹಾಗಿಲ್ಲ. 1991ರ ಮೊದಲ ಆವೃತ್ತಿಯಿಂದಲೇ ಅದರಲ್ಲಿ ಕನ್ನಡಕ್ಕೆ ತನ್ನದೇ ಜಾಗವಿದೆ, ಒಟ್ಟು 128 ಸ್ಥಾನಗಳು. ‘ಕ’ ಎಲ್ಲಿ ಹೋದರೂ ‘ಕ’ವೇ. ಫಾಂಟು ಬದಲಾಯಿಸಿದರೆ ಅದರ ರೂಪ ಬದಲಾಗುತ್ತದೆ, ಅಕ್ಷರ ಬದಲಾಗುವುದಿಲ್ಲ. ನಿಮ್ಮ ಮೂಲಪ್ರತಿ ಯೂನಿಕೋಡಿನಲ್ಲಿದ್ದರೆ ಅದೊಂದರಿಂದಲೇ ಮುದ್ರಣದ ಪಿಡಿಎಫ್, ಇ-ಪುಸ್ತಕ, ಆ್ಯಪಿನಲ್ಲಿ ಧಾರಾವಾಹಿ, ಎಲ್ಲವನ್ನೂ ಮಾಡಿಕೊಳ್ಳಬಹುದು.

ಪ್ರೆಸ್ಸಿನವರು ಹಳೆಯದನ್ನೇ ಕೇಳುವುದು ಹಟಕ್ಕಲ್ಲ. ಹಲವರ ಬಳಿ ಇನ್ನೂ ಪುಟ ಕಟ್ಟುವ ಹಳೆಯ ತಂತ್ರಾಂಶ ಪೇಜ್‌ಮೇಕರ್ ಓಡುತ್ತಿದೆ, ಅದಕ್ಕೆ ಯೂನಿಕೋಡ್ ತಿಳಿಯದು. ಪುಣೆಯ ಮಾಡ್ಯುಲರ್ ಇನ್ಫೊಟೆಕ್‌ನ ಶ್ರೀಲಿಪಿ ಮಹಾರಾಷ್ಟ್ರದ ಡಿಟಿಪಿ ಅಂಗಡಿಗಳಲ್ಲಿ ಬೇರು ಬಿಟ್ಟ ತಂತ್ರಾಂಶ, ಕನ್ನಡ ಪುಟ ಕಟ್ಟುವವರೂ ಅದಕ್ಕೇ ಒಗ್ಗಿಕೊಂಡಿದ್ದಾರೆ. ಅವರು ತಮ್ಮ ಅನುಕೂಲಕ್ಕೆ ಪರಿವರ್ತಿಸಿಕೊಳ್ಳಲಿ, ಆದರೆ ನಿಮ್ಮ ಯೂನಿಕೋಡ್ ಪ್ರತಿಯನ್ನು ಬಿಟ್ಟುಕೊಡಬೇಡಿ. ಕರಡಿನ ತಿದ್ದುಪಡಿಗಳನ್ನು ಎರಡೂ ಕಡೆ ಮಾಡಿ. ಈ ಬೇಸರದ ಕೆಲಸವನ್ನು ಬಿಟ್ಟವರ ಪುಸ್ತಕಕ್ಕೆ ಎರಡನೇ ಮುದ್ರಣದ ಹೊತ್ತಿಗೆ ಮೂಲವೇ ಇರುವುದಿಲ್ಲ.

ಅಪ್ಪನೋ ಮಾವನೋ ನುಡಿಯಲ್ಲಿ, ‘ಬರಹ’ ತಂತ್ರಾಂಶದಲ್ಲಿ ಟೈಪಿಸಿಟ್ಟ ಹಳೆಯ ಕಡತಗಳಿದ್ದರೆ ಆಸ್ಕಿಯಿಂದ (ಆ ಹಳೆಯ ಫಾಂಟುಗಳ ಪದ್ಧತಿಗೆ ಇರುವ ಹೆಸರು) ಯೂನಿಕೋಡಿಗೆ ಬದಲಿಸುವ ಉಚಿತ ಪರಿವರ್ತಕಗಳು ಬ್ರೌಸರಿನಲ್ಲೇ ಸಿಗುತ್ತವೆ. ಕನ್ನಡದ ಸ್ವಯಂಸೇವಕರು ಮಾಡಿ ಹಂಚಿದ ಮುಕ್ತ ತಂತ್ರಾಂಶಗಳಿವು. ಪರಿವರ್ತನೆ ಮುಗಿದ ಮೇಲೆ ಅರ್ಕಾವತ್ತು, ಒತ್ತಕ್ಷರ, ಉದ್ಧರಣ ಚಿಹ್ನೆ, ಅಂಕಿಗಳನ್ನು ಕಣ್ಣಿಟ್ಟು ನೋಡಬೇಕು. ತಪ್ಪುವುದು ಹೆಚ್ಚಾಗಿ ಅಲ್ಲೇ.

ಮುಂಬಯಿಯ ಕಥೆ ಬರೆಯುವವರಿಗೆ ಇನ್ನೊಂದು ಕಾಟವಿದೆ. ಚರ್ಚ್‌ಗೇಟ್ ಎಂಬ ಹೆಸರು ನೋಡಿ. ‘ಚ್’ ಆದ ಮೇಲೆ ಕಣ್ಣಿಗೆ ಕಾಣದ, ಅಗಲವೇ ಇಲ್ಲದ ಒಂದು ಸಂಕೇತ ಬೇಕು. ತಾಂತ್ರಿಕರು ಅದನ್ನು ಝೀರೋ ವಿಡ್ತ್ ನಾನ್ ಜಾಯ್ನರ್ ಎನ್ನುತ್ತಾರೆ. ಅದಿಲ್ಲದಿದ್ದರೆ ‘ಚರ್ಚ್ಗೇಟ್’ ಎಂದಾಗಿ ಗಕಾರ ಕೆಳಗಿಳಿದು ಒತ್ತಾಗಿ ಕೂರುತ್ತದೆ. ಘಾಟ್‌ಕೋಪರ್, ಪ್ಲಾಟ್‌ಫಾರ್ಮ್, ಆಫೀಸ್‌ಬಾಯ್ ಎಲ್ಲಕ್ಕೂ ಇದೇ ಗತಿ. ಈ ಸಂಕೇತವನ್ನು ಮೂಡಿಸುವ ಕೀಲಿ ಒಂದೊಂದು ಕೀಲಿಮಣೆಯಲ್ಲಿ ಒಂದೊಂದು ಕಡೆ ಇರುತ್ತದೆ. ನಿಮ್ಮದರಲ್ಲಿ ಎಲ್ಲಿದೆ ಎಂದು ಮೊದಲ ಅಧ್ಯಾಯ ಬರೆಯುವ ಮುನ್ನವೇ ಕಂಡುಕೊಳ್ಳಿ.

ಬರೆಯುವುದು, ತಿದ್ದುವುದು

ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ಕೆ.ಪಿ. ರಾವ್ ವಿನ್ಯಾಸವನ್ನು ಆಧರಿಸಿದ ನುಡಿ ಕೀಲಿಮಣೆ ಇದೆ, ವಿಂಡೋಸಿನಲ್ಲೇ ಬರುವ ಇನ್‌ಸ್ಕ್ರಿಪ್ಟ್ ಇದೆ, ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿದ್ದನ್ನು ಕನ್ನಡ ಮಾಡುವ ಗೂಗಲ್ ಇನ್‌ಪುಟ್ ಟೂಲ್ಸ್ ಇದೆ. ವಾಟ್ಸ್ಆ್ಯಪಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆದು ಅಭ್ಯಾಸವಾದವರಿಗೆ ಕೊನೆಯದು ಸಲೀಸು. ಆದರೆ ನ-ಣ, ಲ-ಳ, ಅಲ್ಪಪ್ರಾಣ-ಮಹಾಪ್ರಾಣಗಳನ್ನು ಅದು ಊಹಿಸಿ ಕೊಡುತ್ತದೆ. ಊಹೆ ಸರಿಯೋ ತಪ್ಪೋ ಹೇಳಲು ಅಕ್ಷರ ಗೊತ್ತಿರಬೇಕು. ಒಂದು ಇಡೀ ಕಾದಂಬರಿ ಬರೆಯುವ ಮನಸ್ಸಿದ್ದರೆ ನುಡಿ ಕೀಲಿಮಣೆಯನ್ನು ಕಲಿಯುವುದೇ ಲಾಭ ಎಂಬುದು ನನ್ನ ಅಭಿಪ್ರಾಯ.

ಮೊಬೈಲಿನಲ್ಲಿ ಗೂಗಲ್ಲಿನ ಕೀಲಿಮಣೆ ಜಿಬೋರ್ಡ್ ಸಾಕು. ಮಾತನ್ನು ಬರಹಕ್ಕಿಳಿಸುವ ಸೌಲಭ್ಯ ಅದರಲ್ಲೂ ಇದೆ, ಗೂಗಲ್ ಡಾಕ್ಸ್‌ನಲ್ಲೂ ಇದೆ. ಕನ್ನಡ ಮಾತಾಡಬಲ್ಲೆ, ಬರೆಯಲು ಕೈ ಓಡದು ಎನ್ನುವ ಇಲ್ಲಿನ ನೂರಾರು ಹುಡುಗ ಹುಡುಗಿಯರಿಗೆ ಇದು ದೊಡ್ಡ ಬಾಗಿಲು. ಅಜ್ಜಿಯ ಕಥೆಗಳನ್ನು ಹಾಗೇ ಹಿಡಿದಿಡಲೂ ಆಗುತ್ತದೆ. ಗ್ರಾಂಥಿಕ ಕನ್ನಡವನ್ನು ಚೆನ್ನಾಗಿ ಹಿಡಿಯುವ ಈ ಯಂತ್ರ ಕುಂದಾಪುರದ ಮಾತನ್ನೋ ವಿಜಯಪುರದ ಮಾತನ್ನೋ ಕೇಳಿದರೆ ತನಗೆ ತೋಚಿದ್ದನ್ನು ಬರೆದಿಡುತ್ತದೆ. ಹಳೆಯ ಪತ್ರಿಕೆಯಲ್ಲಿ ಅಚ್ಚಾದ ನಿಮ್ಮದೇ ಲೇಖನ ಬೇಕಿದ್ದರೆ ಫೋಟೋ ತೆಗೆದು ಗೂಗಲ್ ಡ್ರೈವಿಗೆ ಏರಿಸಿ, ಡಾಕ್ಸ್‌ನಲ್ಲಿ ತೆರೆಯಿರಿ. ಅಚ್ಚಿನ ಅಕ್ಷರಗಳು ಪಠ್ಯವಾಗಿ ಬರುತ್ತವೆ.

ತಿದ್ದುವ ಹಂತದಲ್ಲಿ ಸಲಕರಣೆಗಳ ನೆರವು ತೀರ ಕಡಿಮೆ, ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಇಂಗ್ಲಿಷಿಗೆ ಇರುವಂಥ ವ್ಯಾಕರಣ ಪರೀಕ್ಷಕ ಕನ್ನಡಕ್ಕಿಲ್ಲ. ಲಿಬ್ರೆ ಆಫೀಸ್ ಎಂಬ ಬರವಣಿಗೆಯ ತಂತ್ರಾಂಶಕ್ಕೂ ಫೈರ್‌ಫಾಕ್ಸಿಗೂ ಕನ್ನಡ ಕಾಗುಣಿತ ಪರೀಕ್ಷಕ ಸಿಗುತ್ತದೆಯಾದರೂ ‘ಮನೆಯವರೊಂದಿಗಾದರೂ’ ಎಂಬಂಥ ಪದ ಎದುರಾದರೆ ಅದು ಕೆಂಪು ಗೆರೆ ಎಳೆಯುತ್ತದೆ. ಪ್ರತ್ಯಯದ ಮೇಲೆ ಪ್ರತ್ಯಯ ಸೇರುತ್ತ ಹೋಗುವ ಭಾಷೆಯಲ್ಲಿ ಪದಗಳ ಪಟ್ಟಿ ಎಂದಿಗೂ ಮುಗಿಯುವುದಿಲ್ಲ. ಪದದ ಅರ್ಥ ನೋಡಲು ‘ಅಲರ್’ ಇದೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಈ ಕನ್ನಡ-ಇಂಗ್ಲಿಷ್ ನಿಘಂಟು 2019ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಒಂದೂವರೆ ಲಕ್ಷದಷ್ಟು ಪದಗಳಿವೆ. ಎಐ ಚಾಟ್ ತಂತ್ರಾಂಶಗಳಿಗೆ ಕರಡು ಕೊಟ್ಟರೆ ಕೆಲವು ಕಾಗುಣಿತದ ತಪ್ಪು ಹಿಡಿಯುತ್ತವೆ, ಜೊತೆಗೆ ನಿಮ್ಮ ವಾಕ್ಯವನ್ನು ಸರ್ಕಾರಿ ಸುತ್ತೋಲೆಯ ಕನ್ನಡಕ್ಕೂ ತಿರುಗಿಸುತ್ತವೆ. ತಪ್ಪು ತೋರಿಸಲು ಮಾತ್ರ ಹೇಳಿ, ತಿದ್ದಲು ಬಿಡಬೇಡಿ.

ನನಗೆ ಕಂಡಂತೆ ಈ ಹಂತದಲ್ಲಿ ಬಹಳ ಉಪಯೋಗಕ್ಕೆ ಬರುವುದು ಗೂಗಲ್ ಡಾಕ್ಸ್‌ನ ‘ಸಲಹೆ’ ವಿಧಾನ. ಕಡತದ ಕೊಂಡಿಯನ್ನು ಇಬ್ಬರು ಮೂವರು ಓದುಗರಿಗೆ ಕಳಿಸಿದರೆ ಅವರ ತಿದ್ದುಪಡಿಗಳು ಬೇರೆ ಬಣ್ಣದಲ್ಲಿ ಕಾಣುತ್ತವೆ, ಒಪ್ಪುವುದೂ ಬಿಡುವುದೂ ನಿಮ್ಮ ಕೈಯಲ್ಲಿ. ಓದುಗರನ್ನು ಹುಡುಕಲು ದೂರ ಹೋಗಬೇಕಿಲ್ಲ. ಕಲೀನಾದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿದೆ, ಮಾಟುಂಗದಲ್ಲಿ ಮೈಸೂರು ಅಸೋಸಿಯೇಷನ್, ಮಾಹಿಮ್‌ನಲ್ಲಿ ಕರ್ನಾಟಕ ಸಂಘ. ಕಾರ್ಯಕ್ರಮ ಮುಗಿದು ಚಹಾ ಕುಡಿಯುವ ಹೊತ್ತಿಗೆ ‘ಸರ್, ಒಂದು ಹತ್ತು ಪುಟ ನೋಡ್ತೀರಾ?’ ಎಂದು ಕೇಳಿದರೆ ಬೇಡ ಎನ್ನುವ ಹಿರಿಯರು ಕಡಿಮೆ. ಹತ್ತು ಪುಟ ಎಂದರೆ ಹತ್ತೇ ಪುಟ ಕೊಡಿ, ಇನ್ನೂರು ಕೊಟ್ಟರೆ ಅವರೂ ಮನುಷ್ಯರೇ.

ಪದಗಳ ಒಂದು ಪಟ್ಟಿಯನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಮುಂಬಯಿಯೋ, ಮುಂಬೈಯೋ, ಬೊಂಬಾಯಿಯೋ? ಚಾಳೋ, ಚಾಲೋ? ವಡಾಪಾವ್ ಒಂದೇ ಪದವೋ, ಎರಡೋ? ಒಂದನ್ನು ತೀರ್ಮಾನಿಸಿ, ‘ಹುಡುಕಿ ಬದಲಿಸು’ ಕೊಟ್ಟು ಇಡೀ ಪುಸ್ತಕವನ್ನು ಸರಿಪಡಿಸಬಹುದು. ಪಾತ್ರ ಬೇಕೆಂದೇ ಬೊಂಬಾಯಿ ಎನ್ನುತ್ತಿದ್ದರೆ ಅದನ್ನು ಮಾತ್ರ ಮುಟ್ಟಬೇಡಿ.

ಪುಟ ಕಟ್ಟುವುದು

ಕಥಾಸಂಕಲನ, ಕವನಸಂಕಲನ, ಕಾದಂಬರಿ ಇವಕ್ಕೆ ಲಿಬ್ರೆ ಆಫೀಸ್ ರೈಟರ್ ಧಾರಾಳವಾಗಿ ಸಾಕು. ಉಚಿತ, ಕನ್ನಡವನ್ನು ಸರಿಯಾಗಿ ಮೂಡಿಸುತ್ತದೆ, ಪಿಡಿಎಫ್ ಕೊಡುತ್ತದೆ. ಚಿತ್ರಗಳು ಹೆಚ್ಚಿದ್ದರೆ ಪುಟವಿನ್ಯಾಸದ ತಂತ್ರಾಂಶ ಸ್ಕ್ರೈಬಸ್ ನೋಡಿ, 2024ರ ಜನವರಿಯಲ್ಲಿ ಬಂದ 1.6 ಆವೃತ್ತಿ ಅಥವಾ ಅದರ ನಂತರದ್ದು. ತುಂಬಾ ಹಳೆಯ ಆವೃತ್ತಿಗಳು ಒತ್ತಕ್ಷರಗಳನ್ನು ಒಡೆದು ಹಾಕುತ್ತವೆ. ಇನ್‌ಡಿಸೈನ್ ಬಳಸುವ ಗೆಳೆಯರಿದ್ದರೆ ಅದರಲ್ಲಿ ‘ವರ್ಲ್ಡ್ ರೆಡಿ ಕಂಪೋಸರ್’ ಆರಿಸಲು ಹೇಳಿ. ಕನ್ನಡ ಮುರಿದು ಕಾಣುತ್ತದೆ ಎಂದು ದೂರುವವರಲ್ಲಿ ಹಲವರು ಆ ಒಂದು ಆಯ್ಕೆಯನ್ನು ಒತ್ತಿರುವುದಿಲ್ಲ.

ಫಾಂಟುಗಳ ವಿಷಯದಲ್ಲಿ ಈಗ ಬಡತನವಿಲ್ಲ. ಗೂಗಲ್ ಫಾಂಟ್ಸ್‌ನಲ್ಲಿ ನೋಟೋ ಸೆರಿಫ್ ಕನ್ನಡ, ಟೀರೋ ಕನ್ನಡ ಎರಡೂ ಪುಸ್ತಕದ ಒಳಪುಟಕ್ಕೆ ಚೆನ್ನ. ತಲೆಬರಹ, ಮುಖಪುಟಕ್ಕೆ ಬಾಲೂ ತಮ್ಮ ಮತ್ತು ಅನೇಕ್ ಕನ್ನಡ. ಇವೆರಡನ್ನೂ ರೂಪಿಸಿದ್ದು ಮುಂಬಯಿಯ ಏಕ್ ಟೈಪ್ ತಂಡ, ನಮ್ಮೂರಿನಲ್ಲೇ ಹುಟ್ಟಿದ ಕನ್ನಡ ಅಕ್ಷರಗಳು! ಇವೆಲ್ಲ ಓಪನ್ ಫಾಂಟ್ ಲೈಸೆನ್ಸಿನಡಿ ಬಂದಿರುವುದರಿಂದ ಪುಸ್ತಕದಲ್ಲಿ ಬಳಸಲು, ಮಾರಲು ಯಾರನ್ನೂ ಕೇಳಬೇಕಿಲ್ಲ. ಸಾಲುಗಳ ನಡುವಿನ ಅಂತರವನ್ನು ಮಾತ್ರ ಇಂಗ್ಲಿಷ್ ಪುಸ್ತಕ ನೋಡಿ ಇಡಬೇಡಿ. ನಮ್ಮಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು. ಅಕ್ಷರ 11 ಪಾಯಿಂಟ್ ಇದ್ದರೆ ಸಾಲಿಗೆ 16 ಅಥವಾ 17 ಪಾಯಿಂಟ್ ಕೊಟ್ಟರೆ ಉಸಿರಾಡಲು ಜಾಗವಿರುತ್ತದೆ.

ಕನ್ನಡ ಪುಸ್ತಕಗಳ ರೂಢಿಯ ಅಳತೆ ಡೆಮಿ 1/8, ಹೆಚ್ಚುಕಡಿಮೆ ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಆಫ್‌ಸೆಟ್ಟಿನಲ್ಲಿ ಅಚ್ಚಾಗುವುದು ಸಾಮಾನ್ಯವಾಗಿ 16 ಪುಟಗಳ ಕಟ್ಟು, ಅಂದರೆ ಫಾರಂ ಲೆಕ್ಕದಲ್ಲಿ. 160 ಪುಟವಾದರೆ ಸರಿಯಾಗಿ ಹತ್ತು ಫಾರಂ. 163 ಪುಟವಾದರೆ ಆ ಮೂರು ಪುಟಗಳಿಗಾಗಿ ಇನ್ನಷ್ಟು ಕಾಗದ ಹೋಗುತ್ತದೆ, ಹಾಗಾಗಿ ಕೊನೆಯಲ್ಲಿ ಸ್ವಲ್ಪ ಕತ್ತರಿಸುವುದೋ ಮುನ್ನುಡಿಯನ್ನು ಹಿಗ್ಗಿಸುವುದೋ ನಡೆಯುತ್ತಲೇ ಇರುತ್ತದೆ. ಪಿಡಿಎಫ್ ಮಾಡುವಾಗ ಫಾಂಟು ಅದರೊಳಗೇ ಅಡಕವಾಗಿರಬೇಕು.

ಮುಖಪುಟಕ್ಕೆ ಕ್ಯಾನ್ವಾ ಎಲ್ಲರಿಗೂ ಗೊತ್ತು. ಮೂರು ಎಚ್ಚರ ಸಾಕು. ಚಿತ್ರ ಇಂಚಿಗೆ 300 ಚುಕ್ಕಿಗಳಷ್ಟು ಸ್ಪಷ್ಟವಿರಲಿ. ಕತ್ತರಿಸುವಾಗ ಬಿಳಿ ಅಂಚು ಕಾಣದಂತೆ ನಾಲ್ಕೂ ಕಡೆ 3 ಮಿಲಿಮೀಟರ್ ಹೆಚ್ಚು ಬಿಡಿ. ಪರದೆಯ ಮೇಲೆ ಹೊಳೆಯುವ ನೀಲಿ, ಹಸಿರು ಕಾಗದದ ಮೇಲೆ ಮಂಕಾಗುತ್ತವೆ, ಏಕೆಂದರೆ ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ, ಅಚ್ಚುಯಂತ್ರ ನಾಲ್ಕು ಶಾಯಿಗಳಿಂದ. ಪುಸ್ತಕದ ಬೆನ್ನಿನ ಅಗಲ ಎಷ್ಟೆಂಬುದನ್ನು ಪುಟಗಳ ಸಂಖ್ಯೆಯೂ ಕಾಗದದ ದಪ್ಪವೂ ಸೇರಿ ತೀರ್ಮಾನಿಸುತ್ತವೆ, ಪ್ರೆಸ್ಸಿನವರನ್ನು ಕೇಳಿದ ಮೇಲೆಯೇ ಮುಖಪುಟ ಮುಗಿಸಿ.

ಇ-ಪುಸ್ತಕ, ಅಚ್ಚು, ಎರಡೂ

ಇ-ಪುಸ್ತಕದ ರೂಢಿಯ ಕಡತ ಇಪಬ್. ಪುಟ್ಟ ಜಾಲತಾಣವೊಂದನ್ನು ಗಂಟು ಕಟ್ಟಿದರೆ ಅದೇ ಇಪಬ್. ಓದುಗರು ಅಕ್ಷರ ದೊಡ್ಡದು ಮಾಡಿದರೆ ಸಾಲುಗಳು ತಾವೇ ಹೊಂದಿಕೊಳ್ಳುತ್ತವೆ. ಗೂಗಲ್ ಡಾಕ್ಸ್‌ನಿಂದಲೂ ಲಿಬ್ರೆ ಆಫೀಸಿನಿಂದಲೂ ನೇರವಾಗಿ ಇಳಿಸಿಕೊಳ್ಳಬಹುದು. ಅಧ್ಯಾಯದ ಶೀರ್ಷಿಕೆಗಳಿಗೆ ‘ಹೆಡಿಂಗ್’ ಶೈಲಿ ಕೊಟ್ಟಿದ್ದರೆ ಪರಿವಿಡಿ ತಾನಾಗಿ ಮೂಡುತ್ತದೆ. ಬರೀ ದಪ್ಪಕ್ಷರ ಮಾಡಿದ್ದರೆ ಮೂಡುವುದಿಲ್ಲ. ಒಳಗೆ ಕೈಹಾಕಿ ತಿದ್ದಲು ಸಿಗಿಲ್, ರೂಪ ಬದಲಿಸಲು ಕ್ಯಾಲಿಬರ್, ಎರಡೂ ಉಚಿತ.

ಮಾರಾಟಕ್ಕೆ ಗೂಗಲ್ ಪ್ಲೇ ಬುಕ್ಸ್ ಕನ್ನಡವನ್ನು ಸ್ವೀಕರಿಸುತ್ತದೆ, ಅಲ್ಲಿ ಐಎಸ್‌ಬಿಎನ್ (ಪುಸ್ತಕವನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ) ಕಡ್ಡಾಯವಲ್ಲ. ಕನ್ನಡಕ್ಕೆಂದೇ 2020ರಲ್ಲಿ ಶುರುವಾದ ಮೈಲ್ಯಾಂಗ್ ಇ-ಪುಸ್ತಕಗಳನ್ನೂ ಕೇಳುಪುಸ್ತಕಗಳನ್ನೂ ಮಾರುತ್ತದೆ. ಕಥೆಗಳ ತಾಣ ‘ಪ್ರತಿಲಿಪಿ’ಯಲ್ಲಿ ಕಂತುಕಂತಾಗಿ ಬರೆದರೆ ಓದುಗರು ಎಲ್ಲಿ ಕೈಬಿಟ್ಟರು ಎಂಬುದು ಗೊತ್ತಾಗುತ್ತದೆ, ಇದು ಎಳೆಯ ಬರಹಗಾರರಿಗೆ ಒಳ್ಳೆಯ ಪಾಠ. ಮಕ್ಕಳ ಕಥೆ ಬರೆಯುವವರು ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ನೋಡಿ. 2015ರಲ್ಲಿ ತೆರೆದುಕೊಂಡ ಈ ತಾಣದಲ್ಲಿ ಚಿತ್ರಗಳೂ ಮುಕ್ತವಾಗಿ ಸಿಗುತ್ತವೆ, ಆದರೆ ಅಲ್ಲಿ ಪ್ರಕಟಿಸಿದ ಕಥೆಯೂ ಎಲ್ಲರಿಗೂ ಮುಕ್ತವೇ ಆಗುತ್ತದೆ. ಇನ್ನೊಂದು ಮಾತು: ‘ಅಪ್ರಕಟಿತ’ ಕೃತಿಗಳನ್ನಷ್ಟೇ ಸ್ವೀಕರಿಸುವ ಸ್ಪರ್ಧೆಗಳು ಆ್ಯಪಿನಲ್ಲಿ ಬಂದದ್ದನ್ನೂ ಪ್ರಕಟಣೆ ಎಂದೇ ಎಣಿಸುವುದುಂಟು. ಸ್ಪರ್ಧೆಗೆ ಕಳಿಸುವ ಆಸೆಯಿದ್ದರೆ ಆ ಕಥೆಯನ್ನು ಎಲ್ಲೂ ಹಾಕದೆ ಇಟ್ಟುಕೊಳ್ಳಿ.

ಅಚ್ಚಿನ ವಿಷಯದಲ್ಲಿ ಎರಡು ದಾರಿ. ಆಫ್‌ಸೆಟ್ಟಿನಲ್ಲಿ ಮೊದಲು ಅಲ್ಯೂಮಿನಿಯಂ ಪ್ಲೇಟುಗಳನ್ನು ಮಾಡಬೇಕು, ಯಂತ್ರ ಹೊಂದಿಸಬೇಕು. ಒಂದು ಪ್ರತಿಯಾಗಲಿ ಸಾವಿರವಾಗಲಿ ಆ ಖರ್ಚು ಒಂದೇ. ಲೆಕ್ಕ ಅರ್ಥವಾಗಲೆಂದು ಅದನ್ನು 20,000 ರೂಪಾಯಿ ಎಂದಿಟ್ಟುಕೊಳ್ಳಿ, ಕಾಗದ-ಬೈಂಡಿಂಗಿಗೆ ಪ್ರತಿಯೊಂದಕ್ಕೆ 40 ರೂಪಾಯಿ. ನೂರು ಪ್ರತಿ ಹಾಕಿಸಿದರೆ ಒಂದಕ್ಕೆ 240 ಬೀಳುತ್ತದೆ, ಐನೂರಕ್ಕೆ 80, ಸಾವಿರಕ್ಕೆ 60. ಕಡಿಮೆ ದರದ ಆಸೆಗೆ ಸಾವಿರ ಹಾಕಿಸಿ ಉಳಿದ ಕಟ್ಟುಗಳನ್ನು ಒಂದು ಕೋಣೆಯ ಮನೆಯಲ್ಲಿ ಮಂಚದಡಿ ತುರುಕಿದವರು ನಮ್ಮಲ್ಲಿ ಕಡಿಮೆಯೇನಿಲ್ಲ. ಡಿಜಿಟಲ್ ಮುದ್ರಣದಲ್ಲಿ ಪ್ಲೇಟಿಲ್ಲ, ಐವತ್ತು ಪ್ರತಿಗೂ ದರ ಹೆಚ್ಚು ಏರದು. ಅದನ್ನೇ ಬೇಡಿಕೆ ಬಂದಾಗ ಒಂದೊಂದೇ ಪ್ರತಿ ಅಚ್ಚು ಹಾಕಿ ಕಳಿಸುವ ವ್ಯವಸ್ಥೆಯಾಗಿ ಮಾಡಿದವರಲ್ಲಿ 2008ರಿಂದ ಇರುವ ಬೆಂಗಳೂರಿನ ಪೋಥಿ ಡಾಟ್ ಕಾಂ, ಚೆನ್ನೈನ ನೋಷನ್ ಪ್ರೆಸ್ ಸೇರಿವೆ. ಪೋಥಿಗೆ ಸಿದ್ಧ ಪಿಡಿಎಫ್ ಕೊಡುವುದರಿಂದ ಲಿಪಿಯ ತೊಡಕು ಕಡಿಮೆ. ಮೊದಲ ಪುಸ್ತಕಕ್ಕೆ ನಾನಾದರೆ ಬಿಡುಗಡೆಯ ದಿನಕ್ಕೆ ಬೇಕಾದಷ್ಟನ್ನು ಡಿಜಿಟಲ್‌ನಲ್ಲಿ ಹಾಕಿಸಿ, ಉಳಿದದ್ದನ್ನು ಬೇಡಿಕೆಯ ಮೇಲೆ ಬಿಡುತ್ತೇನೆ.

‘ಸಂಪೂರ್ಣ ಪ್ಯಾಕೇಜ್’ ಎಂದು ಕರೆ ಮಾಡುವವರ ಬಗ್ಗೆ ಜೋಪಾನ. ಮುಖಪುಟ, ಐಎಸ್‌ಬಿಎನ್, ಪ್ರಚಾರ, ಪ್ರಶಸ್ತಿ ಎಂದು ಹಣ ಕೇಳುತ್ತಾರೆ. ಒಪ್ಪಂದದಲ್ಲಿ ಹಕ್ಕು ಯಾರ ಬಳಿ, ಎಷ್ಟು ವರ್ಷ, ಒಳಪುಟದ ಕಡತ ನಿಮಗೆ ಸಿಗುತ್ತದೆಯೇ ಎಂಬ ಮೂರನ್ನು ನೋಡಿದರೆ ಅವರ ಬಣ್ಣ ತಿಳಿಯುತ್ತದೆ.

ಸಂಖ್ಯೆ, ಕಾನೂನು, ಮಾರಾಟ

ಐಎಸ್‌ಬಿಎನ್ ಭಾರತದಲ್ಲಿ ಪೂರ್ತಿ ಉಚಿತ. ಕೇಂದ್ರ ಶಿಕ್ಷಣ ಸಚಿವಾಲಯದಡಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಏಜೆನ್ಸಿ ಕೊಡುತ್ತದೆ, 2016ರಿಂದ ಅರ್ಜಿ ಆನ್‌ಲೈನಿನಲ್ಲೇ. ಲೇಖಕರು ಸ್ವಂತ ಹೆಸರಿನಲ್ಲೂ ಪಡೆಯಬಹುದು. ಸಂಖ್ಯೆಯಲ್ಲಿ 13 ಅಂಕಿಗಳು, ನಮ್ಮ ದೇಶದ್ದು 978-81 ಅಥವಾ 978-93ರಿಂದ ಶುರು. ಅಚ್ಚಿನ ಪುಸ್ತಕಕ್ಕೆ ಒಂದು, ಇ-ಪುಸ್ತಕಕ್ಕೆ ಇನ್ನೊಂದು ಬೇಕು. ಸಂಖ್ಯೆ ಯಾರ ಹೆಸರಿನಲ್ಲಿದೆಯೋ ದಾಖಲೆಯಲ್ಲಿ ಅವರೇ ಪ್ರಕಾಶಕರು. ಅರ್ಜಿ ಹಾಕಿದ ಮರುದಿನ ಸಿಗುತ್ತದೆಂದು ನಂಬಿ ಬಿಡುಗಡೆಯ ಆಮಂತ್ರಣ ಹಂಚಬೇಡಿ.

ಕೃತಿಸ್ವಾಮ್ಯ ಬರೆದ ಗಳಿಗೆಯಿಂದಲೇ ನಿಮ್ಮದು. 1957ರ ಕಾಯ್ದೆಯಂತೆ ಅದು ಲೇಖಕರ ಜೀವಿತಾವಧಿಗೂ ಆ ಬಳಿಕ 60 ವರ್ಷಕ್ಕೂ ಇರುತ್ತದೆ, ನೋಂದಣಿ ಕಡ್ಡಾಯವಲ್ಲ. ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ಕಾಯ್ದೆ 1954ರದ್ದು: ಭಾರತದಲ್ಲಿ ಪ್ರಕಟವಾದ ಪ್ರತಿ ಪುಸ್ತಕದ ಒಂದೊಂದು ಪ್ರತಿಯನ್ನು ಪ್ರಕಾಶಕರು 30 ದಿನಗಳೊಳಗೆ ತಮ್ಮ ಖರ್ಚಿನಲ್ಲಿ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ, ಚೆನ್ನೈನ ಕನ್ನೆಮಾರಾ, ದೆಹಲಿಯ ಪಬ್ಲಿಕ್ ಲೈಬ್ರರಿ, ಮುಂಬಯಿಯ ಸೆಂಟ್ರಲ್ ಲೈಬ್ರರಿಗಳಿಗೆ ಕೊಡಬೇಕು. ತಪ್ಪಿದರೆ ದಂಡ ಐವತ್ತು ರೂಪಾಯಿಯವರೆಗೆ, ಜೊತೆಗೆ ಪುಸ್ತಕದ ಬೆಲೆ. ದಂಡಕ್ಕೆ ಹೆದರಿ ಯಾರೂ ಕೊಡುವುದಿಲ್ಲ, ಆದರೆ ಮುಂಬಯಿಯ ಪ್ರತಿ ಫೋರ್ಟಿನ ಟೌನ್‌ಹಾಲಿಗೆ ಹೋಗುವಂಥದ್ದು, ಸಿಎಸ್‌ಎಂಟಿ ರೈಲು ನಿಲ್ದಾಣದಲ್ಲಿ ಇಳಿದರೆ ನಡೆದೇ ಹೋಗಬಹುದು. ಕೊಟ್ಟು ರಸೀದಿ ತನ್ನಿ.

ಕರ್ನಾಟಕದ ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುವ ಯೋಜನೆ ನಡೆಸುತ್ತದೆ. ವಯಸ್ಸು, ವಾಸಸ್ಥಳದ ನಿಯಮಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ಓದಿ. ಪುಸ್ತಕ ಅಚ್ಚಾದ ಮೇಲೆ ಈ ಯೋಜನೆ ನೆನಪಾದರೆ ಪ್ರಯೋಜನವಿಲ್ಲ, ಹಸ್ತಪ್ರತಿ ಸಿದ್ಧವಾಗುವಾಗಲೇ ನೋಡಬೇಕು.

ಮಾರಲು ದೊಡ್ಡ ಅಂಗಡಿ ತೆರೆಯಬೇಕಿಲ್ಲ. ಒಂದು ಗೂಗಲ್ ಫಾರ್ಮ್, ಅದರಲ್ಲಿ ಹೆಸರು, ಪೂರ್ತಿ ವಿಳಾಸ, ಪಿನ್‌ಕೋಡ್, ಫೋನ್, ಎಷ್ಟು ಪ್ರತಿ, ಯುಪಿಐ ಪಾವತಿಯ ಸಂಖ್ಯೆ. ಉತ್ತರಗಳೆಲ್ಲ ತಾವಾಗಿ ಶೀಟಿನಲ್ಲಿ ಸಾಲಾಗುತ್ತವೆ. ಪುಸ್ತಕವನ್ನು ಅಚ್ಚಿಗೆ ಕಳಿಸುವ ಮೊದಲೇ ಈ ಫಾರ್ಮನ್ನು ವಾಟ್ಸ್ಆ್ಯಪ್ ಬಳಗಗಳಿಗೆ ಬಿಡಿ. ಸಂಘದ ಬಳಗ, ಊರಿನ ಬಳಗ, ಅಮ್ಮನ ಭಜನೆ ಮಂಡಳಿಯ ಬಳಗವೂ ಇರಲಿ. ‘ಖಂಡಿತ ತಗೋತೇನೆ’ ಎಂದವರ ಸಂಖ್ಯೆಯನ್ನು ಬದಿಗಿಡಿ. ಹಣ ಕಳಿಸಿದವರ ಸಂಖ್ಯೆ ನೋಡಿ, ಅದರ ಮೇಲೆ ಬಿಡುಗಡೆಯ ದಿನದ ಮೇಜಿಗೆಂದು ಇನ್ನೊಂದಷ್ಟು ಸೇರಿಸಿ, ಪ್ರೆಸ್ಸಿನವರಿಗೆ ಅಷ್ಟೇ ಹೇಳಿ.